ಕಾಲು ತಾಗುವ ಮೊದಲಿನ ಅರ್ಧ ಸೆಕೆಂಡು

ಮೇಷ್ಟ್ರು ವಿಡಿಯೋ ನಿಲ್ಲಿಸಿದರು. ಪರದೆಯ ಮೇಲೆ ಒಬ್ಬ ಡಿಫೆಂಡರ್ ನೆಲದಿಂದ ಒಂದು ಗೇಣು ಮೇಲಿದ್ದ. ಮುಂದೆ ಚೆಂಡು, ಅದರ ಪಕ್ಕದಲ್ಲೇ ಎದುರಾಳಿಯ ಕಾಲು. ಇನ್ನೂ ಯಾರಿಗೂ ಯಾರೂ ತಾಗಿಲ್ಲ.

"ಬಣ್ಣ ಬರೀರಿ" ಅಂದರು.

ಅದು ಫುಟ್‌ಬಾಲ್ ರೆಫರಿ ತರಬೇತಿಯ ಮೊದಲ ದಿನ. ಬಣ್ಣ ಅಂದರೆ ಕಾರ್ಡಿನ ಬಣ್ಣ: ಹಳದಿ ಎಚ್ಚರಿಕೆ, ಕೆಂಪು ಬಂದರೆ ಆಟದಿಂದ ಹೊರಗೆ. ಹತ್ತೊಂಬತ್ತು ಜನ ಇದ್ದೆವು. ಚೀಟಿಯಲ್ಲಿ ನಾನು ಬರೆದದ್ದು 'ಫೌಲೇ ಅಲ್ಲ'. ಎಣಿಸಿದಾಗ ಏಳು ಕೆಂಪು, ಒಂಬತ್ತು ಹಳದಿ, ಮೂರು ಫೌಲೇ ಅಲ್ಲ. ನಾನು ಸುಮ್ನೆ ಕೂರಲಿಲ್ಲ. "ಸಾರ್, ಇನ್ನೂ ತಾಗೇ ಇಲ್ಲ. ಹೇಗೆ ಹೇಳೋದು?" ಅಂದೆ.

"ತಾಗಿದ ಮೇಲೆ ನಿಮಗೆ ಕಾಣೋದು ಗಾಯ. ನಾನು ಕೇಳ್ತಿರೋದು ಟ್ಯಾಕಲ್ ಬಗ್ಗೆ" ಅಂದರು. ಟ್ಯಾಕಲ್ ಅಂದರೆ ಎದುರಾಳಿಯಿಂದ ಚೆಂಡು ಕಸಿಯಲು ಕಾಲು ಹಾಕುವುದು. ವಿಡಿಯೋದ ಉಳಿದ ಭಾಗವನ್ನು ಅವತ್ತು ತೋರಿಸಲೇ ಇಲ್ಲ. ಆ ಹುಡುಗನ ಕಾಲಿಗೆ ಏನಾಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಹನ್ನೆರಡು ವರ್ಷ ಡಿಫೆಂಡರ್ ಆಗಿದ್ದವನು. ಮೊಣಕಾಲು ಕೈಕೊಟ್ಟ ಮೇಲೆ ಮೈದಾನ ಬಿಡಲು ಮನಸ್ಸಿಲ್ಲದೆ ರೆಫರಿ ಆಗಲು ಹೊರಟೆ. ಇನ್ನೊಂದು ಕಾರಣವೂ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಒಮ್ಮೆ ನನಗೆ ನೇರ ಕೆಂಪು ಕಾರ್ಡು ಸಿಕ್ಕಿತ್ತು. ಪಕ್ಕದಿಂದ ಎರಡೂ ಕಾಲು ಹಾಕಿ ಜಾರಿದ್ದೆ, ಚೆಂಡು ನೀಟಾಗಿ ಸಿಕ್ಕಿತ್ತು. ಎದುರಿನ ವಿಂಗರ್, ಅಂದರೆ ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು, ಹಾರಿ ಪಾರಾಗಿ, ಎದ್ದು ಓಡಿಯೂ ಹೋದ. ಅವನ ಮೈಗೆ ಒಂದು ಗೀರೂ ಇಲ್ಲ, ನನಗೆ ಮಾತ್ರ ಕೆಂಪು! ಆ ಸಿಟ್ಟು ಎಷ್ಟೋ ವರ್ಷ ಹೊಟ್ಟೆಯಲ್ಲೇ ಇತ್ತು. ರೆಫರಿಗಳಿಗೆ ಆಟ ಗೊತ್ತಿಲ್ಲ, ನಾನು ಹೋಗಿ ತೋರಿಸ್ತೀನಿ ಅನ್ನುವ ಜಂಬ.

ಎರಡನೇ ದಿನ ನಿಯಮ. ಫುಟ್‌ಬಾಲ್ ನಿಯಮಾವಳಿಯ ಹನ್ನೆರಡನೇ ನಿಯಮ ಫೌಲ್‌ಗಳದ್ದು. ಅದರಲ್ಲಿ ಟ್ಯಾಕಲ್‌ಗೆ ಮೂರು ಮೆಟ್ಟಿಲು. ಕೇರ್‌ಲೆಸ್ ಅಂದರೆ ಗಮನ ಇಲ್ಲದೆ ಹೋದದ್ದು, ಅದಕ್ಕೆ ಫ್ರೀ ಕಿಕ್ ಸಾಕು, ಕಾರ್ಡು ಬೇಡ. ರೆಕ್‌ಲೆಸ್ ಅಂದರೆ ಎದುರಿನವನಿಗೆ ಏನಾಗುತ್ತದೋ ಅನ್ನುವ ಪರಿವೆಯೇ ಇಲ್ಲದೆ ನುಗ್ಗಿದ್ದು, ಅದಕ್ಕೆ ಹಳದಿ. ಬೇಕಾದ್ದಕ್ಕಿಂತ ಮೀರಿದ ಬಲ ಹಾಕಿದರೆ ಅಥವಾ ಎದುರಾಳಿಯ ಸುರಕ್ಷತೆಯನ್ನು ಅಪಾಯಕ್ಕೆ ತಳ್ಳಿದರೆ ಕೆಂಪು. ಮುಂದಿನಿಂದ ಬಂದನಾ, ಪಕ್ಕದಿಂದಲಾ, ಹಿಂದಿನಿಂದಲಾ, ಒಂದು ಕಾಲಾ ಎರಡಾ ಎನ್ನುವ ಕಾರಣಕ್ಕೆ ಆ ಕೆಂಪು ತಪ್ಪುವುದಿಲ್ಲ. 1998ರ ವಿಶ್ವಕಪ್ ಹೊತ್ತಿಗೆ ಹಿಂದಿನಿಂದ ಬರುವ ಅಪಾಯದ ಟ್ಯಾಕಲ್‌ಗೆ ನೇರ ಕೆಂಪು ಎಂದು ಬಿಗಿ ಮಾಡಿದ್ದರು. ಈಗಿನ ಮಾತಿನಲ್ಲಿ ಎಲ್ಲಾ ದಿಕ್ಕೂ ಸೇರಿದೆ.

ನಾನು ಆ ಪುಟವನ್ನು ಮೂರು ಸಲ ಓದಿದೆ. ಎರಡು ವಿಷಯ ಹುಡುಕುತ್ತಿದ್ದೆ. 'ಬೇಕು ಅಂತ ಮಾಡಿದನಾ' ಅನ್ನುವುದು ಅಲ್ಲಿರಲಿಲ್ಲ. 'ಚೆಂಡು ಸಿಕ್ಕಿದರೆ ತಪ್ಪಿಲ್ಲ' ಅನ್ನುವುದೂ ಇರಲಿಲ್ಲ. ಹನ್ನೆರಡು ವರ್ಷ ನಾನು ರೆಫರಿಗಳ ಮುಂದೆ ಕೈ ಎತ್ತಿ ಕೂಗಿದ್ದು ಇವೆರಡನ್ನೇ! ಇನ್ನೊಂದು ಪದಕ್ಕಾಗಿಯೂ ಕಣ್ಣಾಡಿಸಿದೆ. ಗಾಯ. ಕಾರ್ಡಿನ ಬಣ್ಣ ಹೇಳುವ ಸಾಲುಗಳಲ್ಲಿ ಅದೂ ಇಲ್ಲ. ಹಾಗಾದರೆ ನನ್ನ ವಿಂಗರ್ ಎದ್ದು ಓಡಿದ್ದು ನನ್ನ ಪರವಾಗಿ ಸಾಕ್ಷಿಯೇ ಅಲ್ಲ. ಅವನು ಹಾರದೇ ಇದ್ದಿದ್ದರೆ? ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮೂರನೇ ದಿನದ ಜಗಳ ಮಾತ್ರ ಮಜವಾಗಿತ್ತು. ಮೇಷ್ಟ್ರು ಇಂಗ್ಲೆಂಡಿನ ದೊಡ್ಡ ಲೀಗ್‌ನ ಪಂದ್ಯಗಳನ್ನು ಒಂದೊಂದಾಗಿ ಎತ್ತಿದರು. ಮೊದಲು 2008ರ ಫೆಬ್ರವರಿ, ಬರ್ಮಿಂಗ್‌ಹ್ಯಾಮ್ ಮತ್ತು ಆರ್ಸೆನಲ್. ಪಂದ್ಯ ಶುರುವಾಗಿ ಮೂರೇ ನಿಮಿಷ. ಬರ್ಮಿಂಗ್‌ಹ್ಯಾಮ್‌ನ ಮಾರ್ಟಿನ್ ಟೇಲರ್ ಹಾಕಿದ ಕಾಲು ಆರ್ಸೆನಲ್‌ನ ಎಡುವಾರ್ಡೋ ಕಾಲಿಗೆ ಬಿತ್ತು, ಮೂಳೆ ಮುರಿಯಿತು, ಕಣಕಾಲಿನ ಕೀಲು ತಪ್ಪಿತು. ಕೆಂಪು ಕಾರ್ಡು, ಮೂರು ಪಂದ್ಯದ ನಿಷೇಧ. ಎಡುವಾರ್ಡೋ ಮತ್ತೆ ಆಡಲು ಸುಮಾರು ಒಂದು ವರ್ಷ ಬೇಕಾಯಿತು. ಪಂದ್ಯ ಮುಗಿದ ತಕ್ಷಣ ಆರ್ಸೆನಲ್‌ನ ಮ್ಯಾನೇಜರ್ ಆರ್ಸೆನ್ ವೆಂಗರ್, ಟೇಲರ್ ಇನ್ನೆಂದೂ ಫುಟ್‌ಬಾಲ್ ಆಡಬಾರದು ಅಂದುಬಿಟ್ಟರು. ಆಮೇಲೆ ಅದೇ ದಿನ ಆ ಮಾತು ವಾಪಸ್ ತೆಗೆದುಕೊಂಡರು.

"ಒಂದು ವರ್ಷಕ್ಕೆ ಮೂರು ಪಂದ್ಯ. ಇದು ನ್ಯಾಯಾನಾ ಸಾರ್?" ಅಂತ ಹಿಂದಿನ ಬೆಂಚಿನ ಹುಡುಗ ಕೇಳಿದ. ಗಾಯವಾದವನು ಎಷ್ಟು ದಿನ ಹೊರಗಿರುತ್ತಾನೋ ಗಾಯ ಮಾಡಿದವನೂ ಅಷ್ಟೇ ದಿನ ಹೊರಗಿರಬೇಕು ಅನ್ನುವುದು ಅವನ ವಾದ. ಅರ್ಧ ತರಗತಿ ತಲೆಯಾಡಿಸಿತು. ಕೇಳಲು ಸರಿ ಅನ್ನಿಸುತ್ತದೆ ಅಲ್ವಾ? ಆದರೆ ಒಂದೇ ಟ್ಯಾಕಲ್, ಒಬ್ಬನ ಕಾಲು ನೆಲದಲ್ಲಿ ಸಿಕ್ಕಿಕೊಂಡು ಮುರಿಯಿತು, ಇನ್ನೊಬ್ಬ ಹಾರಿ ಉಳಿದ. ಮೊದಲನೆಯದಕ್ಕೆ ಒಂದು ವರ್ಷ, ಎರಡನೆಯದಕ್ಕೆ ಏನೂ ಇಲ್ಲ ಅಂದರೆ ಶಿಕ್ಷೆ ಹಾಕುತ್ತಿರುವುದು ರೆಫರಿಯಲ್ಲ, ಅದೃಷ್ಟ. ನಾನು ಇದನ್ನು ಎದ್ದು ನಿಂತು ಹೇಳಿದೆ. ಹೇಳಿದ ಮೇಲೆ ನನಗೇ ನಗು ಬಂತು. ಹಾರಿ ಉಳಿದವನ ಎದುರಿಗಿದ್ದವನು ನಾನೇ ತಾನೇ.

ಮುಂದಿನದು 2019ರ ನವೆಂಬರ್, ಎವರ್ಟನ್ ಮತ್ತು ಟಾಟನ್‌ಹ್ಯಾಮ್. ಸನ್ ಹ್ಯೂಂಗ್‌-ಮಿನ್ ಹಿಂದಿನಿಂದ ಎವರ್ಟನ್‌ನ ಆಂದ್ರೆ ಗೋಮ್ಸ್ ಕಾಲಿಗೆ ಕಾಲು ಕೊಟ್ಟ. ಗೋಮ್ಸ್ ತೂಕ ತಪ್ಪಿ ಮುಂದೆ ಬರುತ್ತಿದ್ದ ಸೆರ್ಜ್ ಔರಿಯೆಗೆ ಡಿಕ್ಕಿ ಹೊಡೆದ, ಕಣಕಾಲು ತಿರುಚಿ ಹೋಯಿತು. ರೆಫರಿ ಮಾರ್ಟಿನ್ ಅಟ್ಕಿನ್ಸನ್ ಕೈಗೆ ಮೊದಲು ಬಂದದ್ದು ಹಳದಿ. ಆಮೇಲೆ ಅದು ಕೆಂಪಾಯಿತು. ಸನ್ ತಲೆ ಹಿಡಿದು ಅಳುತ್ತಾ ಹೊರಗೆ ಹೋದ. ಅವನ ಕ್ಲಬ್ಬು ಟಾಟನ್‌ಹ್ಯಾಮ್ ಮೇಲ್ಮನವಿ ಹಾಕಿತು, ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್‌ನ ಆಯೋಗ ಆ ಕೆಂಪನ್ನು ರದ್ದು ಮಾಡಿತು.

ಅದರ ಪಕ್ಕಕ್ಕೇ 2021ರ ಸೆಪ್ಟೆಂಬರ್. ಲೀಡ್ಸ್‌ನ ಪಾಸ್ಕಲ್ ಸ್ಟ್ರೈಕ್, ಲಿವರ್‌ಪೂಲ್‌ನ ಹಾರ್ವಿ ಎಲಿಯಟ್. ಎಲಿಯಟ್‌ಗೆ ಆಗ ಬರೀ ಹದಿನೆಂಟು. ಅವನ ಕಣಕಾಲೂ ಹೋಯಿತು, ಸ್ಟ್ರೈಕ್‌ಗೆ ಕೆಂಪು ಬಂತು. ಆಸ್ಪತ್ರೆ ಸೇರಿದ ಹುಡುಗನೇ 'ಅವನ ತಪ್ಪಿಲ್ಲ, ಅದು ಕೆಂಪೂ ಅಲ್ಲ' ಎಂದು ಇನ್‌ಸ್ಟಾಗ್ರಾಂನಲ್ಲಿ ಬರೆದ. ಆದರೂ ಮೇಲ್ಮನವಿ ಬಿದ್ದುಹೋಯಿತು, ಮೂರು ಪಂದ್ಯದ ನಿಷೇಧ ಉಳಿಯಿತು.

ಇಲ್ಲಿ ತರಗತಿ ಎರಡು ಹೋಳಾಯಿತು. ಒಂದು ಗುಂಪು, ಗಾಯವಾದವನೇ ಬೇಡ ಅಂದರೆ ಇವರು ಯಾರು ಅಂತ. ಇನ್ನೊಂದು ಗುಂಪು, ಅಪಾಯವನ್ನು ಅಳೆಯುವುದು ಗಾಯವಾದವನ ಕೆಲಸ ಅಲ್ಲ ಅಂತ. ನಾನು ಎರಡನೇ ಗುಂಪಿನಲ್ಲಿದ್ದೆ. ಈಗಲೂ ಅಲ್ಲೇ ಇದ್ದೇನೆ. ಕ್ಷಮಿಸುವ ಹಕ್ಕು ಎಲಿಯಟ್‌ಗಿದೆ, ಅದು ದೊಡ್ಡ ಮನಸ್ಸು. ಆದರೆ ನಾಳೆ ಇನ್ನೊಬ್ಬ ಕ್ಷಮಿಸದೆ ಹೋದರೆ ಶಿಕ್ಷೆ ಜಾಸ್ತಿ ಆಗಬೇಕಾ? ಆ ಟ್ಯಾಕಲ್ ನನ್ನ ಪ್ರಕಾರ ಕೆಂಪೇನಾ ಎಂದು ಕೇಳಿದರೆ, ಸ್ವಲ್ಪ ತಡವರಿಸುತ್ತೇನೆ. ಹಿಂದಿನಿಂದ ಬಂದದ್ದು, ಒಂದು ಕಾಲು ಚೆಂಡಿಗೆ ಸರಿಯಾಗಿ ಹೋಯಿತು, ಹಿಂದೆ ಉಳಿದ ಕಾಲು ಹುಡುಗನನ್ನು ಸಿಕ್ಕಿಸಿತು. ಮೇಷ್ಟ್ರು ಅದಕ್ಕೇ ಹೇಳುತ್ತಿದ್ದರು, ಚೆಂಡಿಗೆ ಹೋದ ಕಾಲು ನೋಡಬೇಡಿ, ಇನ್ನೊಂದು ಕಾಲು ಎಲ್ಲಿದೆ ನೋಡಿ ಅಂತ. ಆ ಮಾತು ಆಗ ನನಗೆ ಅಷ್ಟಾಗಿ ಹತ್ತಲಿಲ್ಲ.

ಸ್ಲೋ ಮೋಷನ್ ಪಾಠ ಒಂದು ಮೋಸವಾಗಿತ್ತು, ಬೇಕೆಂದೇ ಮಾಡಿದ ಮೋಸ. ಬೆಳಿಗ್ಗೆ ಒಂದು ತುಣುಕನ್ನು ಮಾಮೂಲಿ ವೇಗದಲ್ಲಿ ತೋರಿಸಿ ಬಣ್ಣ ಬರೆಸಿಕೊಂಡರು. ಮಧ್ಯಾಹ್ನ ಅದನ್ನೇ ಬೇರೆ ಕೋನದಿಂದ, ನಿಧಾನಕ್ಕೆ. ಅದೇ ತುಣುಕೆಂದು ನಮಗೆ ಹೊಳೆಯಲಿಲ್ಲ. ಬೆಳಿಗ್ಗೆ ಹಳದಿ ಬರೆದ ನಾನು ಮಧ್ಯಾಹ್ನ ಕೆಂಪು ಬರೆದಿದ್ದೆ. ನಿಧಾನಕ್ಕೆ ನೋಡಿದರೆ ಆಟಗಾರನಿಗೆ ಯೋಚಿಸಲು ಸಮಯ ಇತ್ತೇನೋ ಅನ್ನಿಸುತ್ತದೆ. ಬೂಟು ಮೊಣಕಾಲ ಕಡೆ ತೆವಳಿಕೊಂಡು ಹೋಗುವುದು ಕಾಣುವಾಗ, ಇವನು ಬೇಕೆಂದೇ ಹೋದ ಎಂದು ಮನಸ್ಸು ತಾನಾಗಿ ಕಥೆ ಕಟ್ಟುತ್ತದೆ. ವಿಎಆರ್, ಅಂದರೆ ವಿಡಿಯೋ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ, ಅದನ್ನು ನಡೆಸುವ ಕ್ರಮದಲ್ಲೂ ಇದೇ ಎಚ್ಚರಿಕೆ ಇದೆ. ಕಾಲು ಎಲ್ಲಿ ತಾಗಿತು ಅನ್ನುವುದಕ್ಕೆ ನಿಧಾನದ ವಿಡಿಯೋ, ಎಷ್ಟು ಜೋರಾಗಿ ತಾಗಿತು ಅನ್ನುವುದಕ್ಕೆ ಮಾಮೂಲಿ ವೇಗ. ಟೀವಿಯಲ್ಲಿ ಮಾತ್ರ ಅದೇ ಟ್ಯಾಕಲನ್ನು ಹತ್ತು ಸಲ ನಿಧಾನಕ್ಕೇ ತೋರಿಸುತ್ತಾರೆ, ಮನೆಯಲ್ಲಿ ಕೂತ ನಮ್ಮ ರಕ್ತ ಕುದಿಯುತ್ತದೆ.

ವಿಎಆರ್ ಬಂದರೆ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದವರಿಗೆ ಮೇಷ್ಟ್ರು 2020ರ ಅಕ್ಟೋಬರ್ ತೋರಿಸಿದರು. ಎವರ್ಟನ್ ಗೋಲಿ ಜೋರ್ಡನ್ ಪಿಕ್‌ಫರ್ಡ್ ಲಿವರ್‌ಪೂಲ್‌ನ ವರ್ಜಿಲ್ ವಾನ್ ಡೈಕ್ ಮೊಣಕಾಲಿಗೆ ಬಿದ್ದದ್ದು. ವಾನ್ ಡೈಕ್ ಆಫ್‌ಸೈಡ್ ಇದ್ದ, ಅಂದರೆ ಚೆಂಡು ಬರುವಾಗ ನಿಯಮ ಬಿಡುವುದಕ್ಕಿಂತ ಮುಂದೆ ಇದ್ದ, ಹಾಗಾಗಿ ಪೆನಾಲ್ಟಿ ಇಲ್ಲ. ಕಾರ್ಡೂ ಇಲ್ಲ. ವಾನ್ ಡೈಕ್ ಆ ಸೀಸನ್‌ನಲ್ಲಿ ಮತ್ತೆ ಕಾಲಿಡಲಿಲ್ಲ. "ಆಫ್‌ಸೈಡ್ ಅಂದ ಮೇಲೆ ಮುಗೀತಲ್ಲ ಸಾರ್" ಅಂದವರಲ್ಲಿ ನಾನೂ ಒಬ್ಬ. ಮುಗಿಯುವುದಿಲ್ಲವಂತೆ. ಆಫ್‌ಸೈಡ್ ಆದರೆ ಪೆನಾಲ್ಟಿ ಹೋಗುತ್ತದೆ, ಅಪಾಯದ ಟ್ಯಾಕಲ್‌ನ ಕೆಂಪು ಹೋಗುವುದಿಲ್ಲ.

ಒಂದು ಸಂಜೆ ಪೂರ್ತಿ ಎಲ್ಲಿ ನಿಲ್ಲಬೇಕು ಅನ್ನುವುದಕ್ಕೇ ಹೋಯಿತು. 2010ರ ವಿಶ್ವಕಪ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್‌ನ ನೈಜೆಲ್ ಡಿ ಯಾಂಗ್ ಬೂಟು ಸ್ಪೇನ್‌ನ ಶಾಬಿ ಅಲೋನ್ಸೋ ಎದೆಗೇ ಬಿದ್ದಿತ್ತು. ಇಡೀ ಜಗತ್ತು ನೋಡಿತು, ರೆಫರಿ ಹೊವಾರ್ಡ್ ವೆಬ್ ಹಳದಿ ಕೊಟ್ಟರು. ಅದು ಕೆಂಪಾಗಬೇಕಿತ್ತು, ಆ ಕ್ಷಣದಲ್ಲಿ ನನಗೆ ಸರಿಯಾಗಿ ಕಾಣಲಿಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು. ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಕರೆದುಕೊಂಡು ಹೋಗಿ, ಇಬ್ಬರನ್ನು ಚೆಂಡಿಗೆ ಓಡಿಸಿ, ನಮ್ಮನ್ನು ಬೇರೆ ಬೇರೆ ಕಡೆ ನಿಲ್ಲಿಸಿದರು. ಓಡುತ್ತಿರುವವನ ಬೆನ್ನ ಹಿಂದೆ ನಿಂತರೆ ಟ್ಯಾಕಲ್ ಮಾಡುವವನ ಕಾಲೇ ಕಾಣುವುದಿಲ್ಲ. ಎರಡೇ ಹೆಜ್ಜೆ ಪಕ್ಕಕ್ಕೆ ಸರಿದರೆ ಬೂಟಿನ ತಳದ ಗುಬುಟುಗಳು, ಸ್ಟಡ್‌ಗಳು, ಕಾಣುತ್ತವೆ. ಎರಡೇ ಹೆಜ್ಜೆ! ಓಡಿ ಸುಸ್ತಾದಾಗ ಆ ಎರಡು ಹೆಜ್ಜೆಯೇ ಮೊದಲು ತಪ್ಪುವುದು.

ಪರೀಕ್ಷೆ ಪಾಸಾಯಿತು. ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ.

ನನ್ನ ಎಂಟನೇ ಪಂದ್ಯ. ಎಪ್ಪತ್ತನೇ ನಿಮಿಷ ದಾಟಿತ್ತು, ಮೊಣಕಾಲು ಗೊಣಗಲು ಶುರು ಮಾಡಿತ್ತು. ಮಧ್ಯದಲ್ಲಿ ಚೆಂಡು ಸಡಿಲವಾಯಿತು. ವಿಂಗರ್ ನನ್ನ ಮುಂದೆಯೇ ಓಡಿದ, ಎದುರಿನಿಂದ ಡಿಫೆಂಡರ್ ಜಾರಿಕೊಂಡು ಬಂದ. ಸದ್ದು ಕೇಳಿಸಿತು. ಸೀಟಿ ಊದಿದೆ, ಜೇಬಿಗೆ ಕೈ ಹೋಯಿತು, ಹಳದಿ ಎತ್ತಿದೆ. ನನಗೆ ಕಂಡಿದ್ದಿಷ್ಟು: ತಡವಾಗಿ ಬಂದ, ಜೋರಾಗಿ ಬಂದ, ಒಂದು ಕಾಲು.

ಆಮೇಲೆ ವಿಂಗರ್ ಹೊರಳಿದ. ಅವನ ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ಅವನ ತಂಡದವನೊಬ್ಬ ಮುಖ ಮುಚ್ಚಿಕೊಂಡು ಕೂತುಬಿಟ್ಟ. ಇನ್ನೊಬ್ಬ ನನ್ನ ಮುಂದೆ ಬಂದು ಕೂಗಲೂ ಇಲ್ಲ, ಮೆಲ್ಲಗೆ "ಸಾರ್, ಇದಕ್ಕೆ ಹಳದಿನಾ?" ಅಂದ. ಕೂಗಿದ್ದರೆ ನಾನು ಗಟ್ಟಿಯಾಗಿ ನಿಲ್ಲುತ್ತಿದ್ದೆನೇನೋ. ಸ್ಟ್ರೆಚರ್ ಬರುವ ಹೊತ್ತಿಗೆ ಡಿಫೆಂಡರ್‌ನನ್ನು ಕರೆದು ಕೆಂಪು ತೋರಿಸಿದೆ. ಆಟ ಮತ್ತೆ ಶುರುವಾಗುವ ಮೊದಲು ರೆಫರಿ ತನ್ನ ತೀರ್ಮಾನ ಬದಲಿಸಬಹುದು, ಅದು ನಿಯಮದಲ್ಲೇ ಇದೆ. ಅವನು ವಾದಿಸಲಿಲ್ಲ. ಬಿದ್ದವನನ್ನೇ ನೋಡುತ್ತಾ ಹೊರಗೆ ನಡೆದ.

ರಾತ್ರಿ ರಿಪೋರ್ಟ್ ಬರೆಯಲು ಕೂತೆ. 'ರಿಪೋರ್ಟ್‌ನಲ್ಲಿ ಡಾಕ್ಟರ್ ಆಗಬೇಡಿ, ವಕೀಲರೂ ಆಗಬೇಡಿ' ಅನ್ನುವುದು ಮೇಷ್ಟ್ರ ಮಾತು. ಎಷ್ಟನೇ ನಿಮಿಷ, ಯಾವ ನಂಬರ್, ಎಷ್ಟು ದೂರದಿಂದ ಬಂದ, ಯಾವ ಕಾಲು, ಎಲ್ಲಿ ತಾಗಿತು. ಅಷ್ಟು ಬರೆದೆ. ಆಮೇಲೆ ಆ ಸಾಲಿನ ಹತ್ತಿರ ಬಂದು ಪೆನ್ನು ನಿಂತಿತು. 'ಮೊದಲು ಹಳದಿ ತೋರಿಸಿದೆ. ಆಟಗಾರನ ಕಾಲು ನೋಡಿದ ಮೇಲೆ ಕೆಂಪಿಗೆ ಬದಲಿಸಿದೆ.' ಜೊತೆಗಿದ್ದ ಅಸಿಸ್ಟೆಂಟ್‌ಗೆ ಫೋನ್ ಮಾಡಿದೆ. "ಅಣ್ಣ, ಎರಡನೇ ವಾಕ್ಯ ಬಿಟ್ಟುಬಿಡಿ. ಬದಲಿಸಿದೆ ಅಂತ ಮಾತ್ರ ಬರೀರಿ, ಸಾಕು" ಅಂದ. ಒಳ್ಳೆಯ ಹುಡುಗ, ನನ್ನ ಒಳ್ಳೆಯದಕ್ಕೇ ಹೇಳಿದ್ದು. ಬಿಡಲು ಆಗಲಿಲ್ಲ. ಪ್ರಾಮಾಣಿಕತೆ ಅಂತೇನೂ ಅಲ್ಲ. ಹಳದಿ ಎತ್ತಿದ್ದನ್ನು ಮೈದಾನವೆಲ್ಲ ನೋಡಿತ್ತು, ಯಾಕೆ ಬದಲಿಸಿದಿರಿ ಎಂದು ಕೇಳಿದರೆ ಸುಳ್ಳು ಹೇಳಬೇಕಾಗುತ್ತಿತ್ತು. ಸುಳ್ಳು ಹೇಳಲು ನನಗೆ ಬರುವುದಿಲ್ಲ, ಕಿವಿ ಕೆಂಪಾಗುತ್ತದೆ.

ವಿಚಾರಣೆ ಮುಂದಿನ ವಾರ ನಡೆಯಿತು. ಮೇಜಿನ ಆಚೆ ಮೂವರು. ಈಚೆ ಡಿಫೆಂಡರ್, ಅವನ ಮ್ಯಾನೇಜರ್, ನಾನು. ಗಾಯಗೊಂಡವನ ತಂಡದ ಕ್ಯಾಪ್ಟನ್ ಗೋಡೆ ಪಕ್ಕದ ಕುರ್ಚಿಯಲ್ಲಿದ್ದ. ವಿಡಿಯೋ ಇರಲಿಲ್ಲ. ಮಧ್ಯದಲ್ಲಿದ್ದ ಹಿರಿಯರು ನನ್ನ ರಿಪೋರ್ಟ್ ಓದಿ ಕನ್ನಡಕ ತೆಗೆದರು.

"ಹಳದಿ ಎತ್ತಿದಾಗ ಆ ಹುಡುಗನ ಕಾಲು ನೋಡಿದ್ರಾ?"

"ಇಲ್ಲ."

"ಹಳದಿಗೂ ಕೆಂಪಿಗೂ ನಡುವೆ ಅಸಿಸ್ಟೆಂಟ್ ಏನಾದ್ರೂ ಹೇಳಿದ್ರಾ?"

"ಇಲ್ಲ."

"ಟ್ಯಾಕಲ್ ಬಗ್ಗೆ ಹೊಸದೇನಾದ್ರೂ ಗೊತ್ತಾಯ್ತಾ?"

ಸ್ವಲ್ಪ ಹೊತ್ತು ಸುಮ್ಮನಿದ್ದೆ. "ಇಲ್ಲ. ಕಾಲು ನೋಡಿದೆ, ಅಷ್ಟೇ."

ಹತ್ತು ನಿಮಿಷ ಹೊರಗೆ ಕೂರಿಸಿದರು. ಅಟ್ಕಿನ್ಸನ್ ಕೈಯ ಹಳದಿ ಕಣ್ಣ ಮುಂದೆಯೇ ಇತ್ತು. ತರಗತಿಯಲ್ಲಿ ಆ ತುಣುಕು ನೋಡುವಾಗ 'ಇಷ್ಟು ದೊಡ್ಡ ರೆಫರಿ ಹೀಗೆ ಮಾಡಬಹುದಾ' ಎಂದು ನಕ್ಕಿದ್ದವನು ನಾನು. ಒಳಗೆ ಕರೆದು ಕೆಂಪು ರದ್ದು ಎಂದರು. ಹಳದಿ ಉಳಿಯುತ್ತದೆ, ನಿಷೇಧ ಇಲ್ಲ. ನನ್ನ ಅಂಕ ಕತ್ತರಿಸಿದರು, ಅದು ಸರಿಯೇ.

ಹೊರಗೆ ಆ ಕ್ಯಾಪ್ಟನ್ ಕಾಯುತ್ತಿದ್ದ. "ನಮ್ಮ ಹುಡುಗ ಪ್ಲೇಟ್ ಹಾಕಿಸಿಕೊಂಡು ಮಲಗಿದ್ದಾನೆ. ಆ ಡಿಫೆಂಡರ್ ಶನಿವಾರ ಆಡ್ತಾನೆ. ನೀವೇ ಹೇಳಿ ಸಾರ್" ಅಂದ. ಅದೃಷ್ಟಕ್ಕೂ ಶಿಕ್ಷೆಗೂ ಇರುವ ವ್ಯತ್ಯಾಸದ ಬಗ್ಗೆ ತರಗತಿಯಲ್ಲಿ ಎದ್ದು ನಿಂತು ಭಾಷಣ ಮಾಡಿದ್ದೆನಲ್ಲ, ಅದರ ಒಂದು ಅಕ್ಷರವೂ ಬಾಯಿಗೆ ಬರಲಿಲ್ಲ. ಅವನ ಭುಜ ಮುಟ್ಟಿ ಬಂದೆ.

ಎರಡು ವಾರದ ಮೇಲೆ ಯಾರೋ ಪ್ರೇಕ್ಷಕರು ಫೋನಿನಲ್ಲಿ ಹಿಡಿದ ವಿಡಿಯೋ ಕೈಗೆ ಬಂತು. ಆಚೆ ಬದಿಯಿಂದ ತೆಗೆದದ್ದು, ನನಗೆ ಕಾಣದಿದ್ದ ಕಡೆಯಿಂದ. ಮೊದಲು ಮಾಮೂಲಿ ವೇಗದಲ್ಲಿ ನೋಡಿದೆ. ಆಮೇಲೆ ಕಾಲು ತಾಗುವುದಕ್ಕೆ ಅರ್ಧ ಸೆಕೆಂಡು ಮೊದಲು ನಿಲ್ಲಿಸಿದೆ. ಬಲಗಾಲು ಚೆಂಡಿನ ಕಡೆ, ಸ್ವಲ್ಪ ಎತ್ತರ. ನನಗೆ ಈಗಲೂ ಹಳದಿಯೇ ಕಂಡಿತು, ಮನಸ್ಸು ಹಗುರವಾಯಿತು. ಅಲ್ಲಿಗೇ ತುಂಡರಿಸಿ, ಏನೂ ಹೇಳದೆ ಮೇಷ್ಟ್ರಿಗೆ ಕಳಿಸಿದೆ. ಇದು ನನ್ನ ಪಂದ್ಯ ಅಂತಲೂ ಹೇಳಲಿಲ್ಲ.

'ಕೆಂಪು' ಅಂತ ಒಂದೇ ಪದ ಬಂತು.

ಫೋನ್ ಮಾಡಿದೆ. "ಒಂದೇ ಕಾಲು ಸಾರ್!" ಅಂದೆ.

"ಚೆಂಡಿಗೆ ಹೋಗಿರೋ ಕಾಲು ಬಿಡಿ. ಎಡಗಾಲು ಎಲ್ಲಿದೆ?"

ನೋಡಿದೆ. ಎಡಗಾಲು ಮಡಚಿರಲಿಲ್ಲ, ನೆಲದ ಮೇಲೂ ಇರಲಿಲ್ಲ. ಹುಡುಗ ಪೂರ್ತಿ ಗಾಳಿಯಲ್ಲಿದ್ದ, ನಿಲ್ಲಬೇಕೆಂದರೂ ನಿಲ್ಲುವಂತಿರಲಿಲ್ಲ. ಎಡಗಾಲ ಸ್ಟಡ್‌ಗಳು ವಿಂಗರ್‌ನ ಕಣಕಾಲಿಗೆ ನೇರವಾಗಿದ್ದವು. ವಿಂಗರ್‌ನ ಬೆನ್ನ ಹಿಂದೆ ನಿಂತಿದ್ದ ನನಗೆ ಅದು ಕಾಣುವ ಸಾಧ್ಯತೆಯೇ ಇರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಇದ್ದಿದ್ದರೆ ಕಾಣುತ್ತಿತ್ತು.

ಆಗ ಇಡೀ ಕಥೆ ಹೇಳಿದೆ. ಮೇಷ್ಟ್ರು ಮಧ್ಯೆ ಬಾಯಿ ಹಾಕದೆ ಕೇಳಿಸಿಕೊಂಡರು. "ಹಾಗಾದ್ರೆ ನಾನು ಕೊಟ್ಟ ಕೆಂಪು ಸರಿ ಇತ್ತಾ ಸಾರ್?" ಎಂದು ಕೇಳಿದೆ. ಕೇಳುವಾಗ ದನಿಯಲ್ಲಿ ಸ್ವಲ್ಪ ಆಸೆ ಇತ್ತು, ಸುಳ್ಳು ಯಾಕೆ ಹೇಳಲಿ.

"ಬಣ್ಣ ಸರಿ ಇತ್ತು. ನೀವು ಕೊಟ್ಟಿದ್ದು ಅದಕ್ಕಲ್ಲವಲ್ಲ" ಅಂದರು.

ವಿಚಾರಣೆ ಮತ್ತೆ ನಡೆಸಿ ಎಂದು ಅರ್ಜಿ ಹಾಕಬಹುದಾ ಎಂದು ವಿಚಾರಿಸಿದೆ. ಆ ಪ್ರಕರಣ ಮುಗಿದಿದೆ ಎಂದರು. ಅಷ್ಟರಲ್ಲಿ ಆ ಡಿಫೆಂಡರ್ ಇನ್ನೂ ಎರಡು ಪಂದ್ಯ ಆಡಿದ್ದ. ವಿಂಗರ್ ಊರುಗೋಲು ಹಿಡಿದು ನಿಂತಿದ್ದ ಫೋಟೋ ಒಂದನ್ನು ಅವನ ಕ್ಯಾಪ್ಟನ್ ನನಗೆ ಕಳಿಸಿದ, ಜೊತೆಗೆ ಏನೂ ಬರೆದಿರಲಿಲ್ಲ.

ಆ ತುಣುಕು ಈಗ ಮೇಷ್ಟ್ರ ತರಗತಿಯಲ್ಲಿದೆ. ತಾಗುವ ಮೊದಲೇ ನಿಲ್ಲಿಸಿ ಚೀಟಿ ಹಂಚುತ್ತಾರಂತೆ. ಹೋದ ಬ್ಯಾಚಿನಲ್ಲಿ ಎಂಟು ಕೆಂಪು, ಒಂಬತ್ತು ಹಳದಿ. ಒಬ್ಬ ಮಾತ್ರ 'ಫೌಲೇ ಅಲ್ಲ' ಎಂದು ಬರೆದಿದ್ದನಂತೆ. ಅವನೂ ಡಿಫೆಂಡರೇ.